ಈ ವಾರ ಯಾರಿಗೆ ಬಿತ್ತು?

(ಪತ್ರಿಕೋದ್ಯಮ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಕನ್ನಡದ ಟ್ಯಾಬ್ಲಾಯ್ಡ್ ಪತ್ರಿಕೆಗಳ ಬಗ್ಗೆ ಆಡಿದ ಮಾತು ಇದು. ಆಡಿದ್ದನ್ನು ಹೆಚ್ಚುಕಡಿಮೆ ಹಾಗೇ ಇಟ್ಟಿದ್ದೇನೆ. ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಅವತ್ತು ಅವಸರದಲ್ಲಿ ಏನೋ ಹೇಳಿ ಮುಗಿಸಿದ್ದೆ. ಹೇಳಬೇಕಾಗಿದ್ದನ್ನು ಇಲ್ಲಿ ಸೇರಿಸಿದ್ದೇನೆ.)

ನಮ್ಮೂರ ಬಸ್ ಸ್ಟ್ಯಾಂಡ್ ಎದುರಿಗೆ ಒಂದು ಕಟಿಂಗ್ ಶಾಪ್ ಇತ್ತು. ಎರಡು ಕುರ್ಚಿ, ಒಂದು ಉದ್ದದ ಬೆಂಚು, ಗೋಡೆಗೆ ಎದುರುಬದುರು ಎರಡು ಕನ್ನಡಿ. 1980ರ ದಶಕದ ಮೊದಲ ವರ್ಷಗಳು. ನನಗೆ ಆಗ ಹನ್ನೆರಡೋ ಹದಿಮೂರೋ ವಯಸ್ಸು. ವಾರಕ್ಕೊಂದು ದಿನ ಬೆಂಗಳೂರಿನ ಬಸ್ಸಿನ ಟಾಪ್ ಮೇಲಿಂದ ಒಂದು ಬಂಡಲ್ ಇಳಿಯುತ್ತಿತ್ತು. ಏಜೆಂಟರು ಅಲ್ಲೇ ನಿಂತು ಹುರಿ ಕತ್ತರಿಸಿ ಎಣಿಸುತ್ತಿದ್ದರು. ಮೊದಲ ಪ್ರತಿ ಹೋಗುತ್ತಿದ್ದದ್ದು ಆ ಕಟಿಂಗ್ ಶಾಪಿಗೆ. ಅಂಗಡಿಯವರು ಕೊಳ್ಳುತ್ತಿದ್ದದ್ದು ಒಂದೇ ಪ್ರತಿ. ಸಂಜೆಯ ಹೊತ್ತಿಗೆ ಅದನ್ನು ನಲವತ್ತು ಜನ ಓದಿರುತ್ತಿದ್ದರು, ಇಲ್ಲ ಕೇಳಿಸಿಕೊಂಡಿರುತ್ತಿದ್ದರು. ಮಂಡಿಯಿಂದ ಒಬ್ಬ ಹಮಾಲಿ ಬರುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ, ಪ್ರತಿ ವಾರ ಅದೇ ಪ್ರಶ್ನೆ ಕೇಳುತ್ತಿದ್ದರು.

"ಈ ವಾರ ಯಾರಿಗ್ ಬಿತ್ತು ಸ್ವಾಮಿ?"

ಬೆಂಚಿನ ಮೇಲಿದ್ದ ಯಾರಾದರೂ ಓದಿ ಹೇಳುತ್ತಿದ್ದರು. ಮಂತ್ರಿಗೆ ಬಿತ್ತು, ಎಂಎಲ್ಎಗೆ ಬಿತ್ತು, ಯಾವುದೋ ಮಠಕ್ಕೆ ಬಿತ್ತು. ಆ ಹಮಾಲಿ ನಗುತ್ತಿದ್ದ ರೀತಿ ನನಗೆ ಇವತ್ತಿಗೂ ನೆನಪಿದೆ. ಹೊಟ್ಟೆ ತುಂಬಿದವರು ನಗುವ ಹಾಗಿತ್ತು ಅದು. ಕನ್ನಡದ ಟ್ಯಾಬ್ಲಾಯ್ಡ್ ಪತ್ರಿಕೆ ಏನು ಕೊಟ್ಟಿತು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಕಣ್ಣ ಮುಂದೆ ಬರುವುದು ಆ ನಗು. ಏನು ಹಾಳು ಮಾಡಿತು ಅಂತ ಕೇಳಿದರೂ ನಾನು ಆ ಪ್ರಶ್ನೆಗೇ ವಾಪಸ್ ಹೋಗಬೇಕಾಗುತ್ತದೆ. ಯಾರಿಗೆ ಬಿತ್ತು? ಅವರಿಗೆ ಯಾಕೆ ಬಿತ್ತು? ಬಿದ್ದವರು ಆಮೇಲೆ ಏನಾದರು?

ಆ ಪತ್ರಿಕೆ ಯಾವುದು ಅಂತ ನಿಮಗೆ ಗೊತ್ತೇ ಇದೆ. ಲಂಕೇಶ್ ಪತ್ರಿಕೆ. 1980ರ ಜುಲೈನಲ್ಲಿ ಶುರುವಾಯಿತು. ಪಿ. ಲಂಕೇಶ್ ಅಷ್ಟರಲ್ಲಾಗಲೇ ಹೆಸರಾದ ಕತೆಗಾರ, ನಾಟಕಕಾರ. ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿಯನ್ನೂ ತಂದಿದ್ದವರು. ಅಂಥವರು ನ್ಯೂಸ್‌ಪ್ರಿಂಟ್ ಕಾಗದದ ಒಂದು ವಾರಪತ್ರಿಕೆ ತಂದು, ಅದನ್ನು "ಜಾಣ ಜಾಣೆಯರ ಪತ್ರಿಕೆ" ಅಂತ ಕರೆದರು. ಜಾಣೆಯರ ಅನ್ನುವ ಪದ ಗಮನಿಸಿ. ರಾಜಕೀಯದ ಪತ್ರಿಕೆಯನ್ನು ಹೆಂಗಸರೂ ಓದುತ್ತಾರೆ ಅಂತ ಹಣೆಯ ಮೇಲೇ ಬರೆದುಕೊಂಡು ಬಂದ ಪತ್ರಿಕೆ ಅದು.

ಟ್ಯಾಬ್ಲಾಯ್ಡ್ ಅನ್ನುವ ಪದದ ಬಗ್ಗೆ ಒಂದು ಮಾತು. ಅದು ಮೊದಲು ಪತ್ರಿಕೆಗೆ ಸಂಬಂಧಿಸಿದ ಪದವೇ ಅಲ್ಲ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಒಂದು ಔಷಧಿ ಕಂಪನಿ ತನ್ನ ಗುಳಿಗೆಗಳಿಗೆ ಇಟ್ಟುಕೊಂಡಿದ್ದ ಹೆಸರು. ಪುಡಿಯನ್ನು ಒತ್ತಿ ಒತ್ತಿ ಚಿಕ್ಕದು ಮಾಡಿ ನುಂಗುವ ಹಾಗೆ ಮಾಡಿದ್ದು. ಆಮೇಲೆ ಸುದ್ದಿಯನ್ನೂ ಹಾಗೇ ಒತ್ತಿ ಚಿಕ್ಕದು ಮಾಡಿ ಕೊಡುವ ಪತ್ರಿಕೆಗೆ ಆ ಹೆಸರು ಅಂಟಿಕೊಂಡಿತು. ದಿನಪತ್ರಿಕೆಯ ಅರ್ಧ ಅಳತೆಯ ಹಾಳೆ. ಮಡಚಿದರೆ ಅಂಗಿ ಜೇಬಿಗೆ ಹೋಗುತ್ತದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಿಚ್ಚಿದರೆ ಪಕ್ಕದವರ ಮುಖಕ್ಕೆ ತಾಗುವುದಿಲ್ಲ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುವ ಪತ್ರಿಕೆಗೆ ಅಳತೆಯೇ ಅರ್ಧ ಬಲ.

ಆ ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ಹೊಗಳುತ್ತಾರೆ. ಅದರ ಅರ್ಥ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಜಾಹೀರಾತು ಇಲ್ಲ ಅಂದರೆ ಕಾಗದದ ಖರ್ಚು, ಅಚ್ಚಿನ ಖರ್ಚು, ಏಜೆಂಟರ ಕಮಿಷನ್, ವರದಿಗಾರರ ಸಂಬಳ ಎಲ್ಲ ಓದುಗ ಕೊಡುವ ಚಿಲ್ಲರೆಯಿಂದಲೇ ಬರಬೇಕು. ಹಾಗಾಗಿ ಯಾವ ಉದ್ಯಮಿಯೂ ಫೋನ್ ಮಾಡಿ "ಆ ಸುದ್ದಿ ಬೇಡ" ಅನ್ನುವ ಹಾಗಿಲ್ಲ. ಸರ್ಕಾರವೂ ವಾರ್ತಾ ಇಲಾಖೆಯ ಜಾಹೀರಾತು ನಿಲ್ಲಿಸುತ್ತೇನೆ ಅಂತ ಹೆದರಿಸುವ ಹಾಗಿಲ್ಲ. ಇದು ದೊಡ್ಡ ಸ್ವಾತಂತ್ರ್ಯ. ಆದರೆ ಇದಕ್ಕೆ ಇನ್ನೊಂದು ಬೆಲೆ ಇದೆ. ಪತ್ರಿಕೆ ಬದುಕುವುದು ಅಂಗಡಿಯಲ್ಲಿ ಕ್ಲಿಪ್ಪಿಗೆ ನೇತುಹಾಕಿದ ಮುಖಪುಟದಿಂದ. ವರ್ಷಕ್ಕೆ 52 ವಾರ, 52 ಮುಖಪುಟ. ನಾಡಿನಲ್ಲಿ ವಾರಕ್ಕೊಂದು ದೊಡ್ಡ ಹಗರಣ ಆಗಲೇಬೇಕು ಅಂತೇನೂ ಇಲ್ವಲ್ಲ? ಮುಖಪುಟಕ್ಕೆ ಮಾತ್ರ ವಾರಕ್ಕೊಬ್ಬ ಖಳ ಬೇಕೇ ಬೇಕು. ನಾನು ಮುಂದೆ ಹೇಳುವ ಎಷ್ಟೋ ತೊಂದರೆಗಳ ಬೇರು ಇಲ್ಲಿದೆ. ಪತ್ರಿಕೆಯ ದೊಡ್ಡ ಗುಣ ಎಲ್ಲಿಂದ ಬಂತೋ ದೋಷವೂ ಅದೇ ಜಾಗದಿಂದ ಬಂತು.

ಶುರುವಾದ ಕಾಲ ಎಂಥದ್ದು ಅಂತಲೂ ನೋಡಿ. ಆರ್. ಗುಂಡೂರಾವ್ ಆ ವರ್ಷ ಜನವರಿಯಲ್ಲಷ್ಟೇ ಮುಖ್ಯಮಂತ್ರಿ ಆಗಿದ್ದರು. ಪತ್ರಿಕೆ ಹುಟ್ಟಿದ ತಿಂಗಳಲ್ಲೇ, ಜುಲೈ 21ರಂದು, ನರಗುಂದ ನವಲಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭಾ ನೀರಾವರಿ ಪ್ರದೇಶದ ರೈತರು ತಮ್ಮ ಮೇಲೆ ಹೇರಿದ್ದ ಅಭಿವೃದ್ಧಿ ಕರದ ವಿರುದ್ಧ ಎದ್ದಿದ್ದರು. ಅಲ್ಲಿಂದ ರೈತ ಚಳವಳಿ ನಾಡಿಗೆಲ್ಲ ಹಬ್ಬಿತು. ದಲಿತ ಚಳವಳಿ ಆಗಲೇ ಕಾವೇರಿತ್ತು. 1982ರಲ್ಲಿ ಗೋಕಾಕ್ ಚಳವಳಿ. ನಾಡು ಮಾತಾಡಲು ಬಾಯಿ ತೆರೆದು ನಿಂತಿತ್ತು. ಆದರೆ ದಿನಪತ್ರಿಕೆಯ ಭಾಷೆ ಇನ್ನೂ "ಸನ್ಮಾನ್ಯ ಮುಖ್ಯಮಂತ್ರಿಗಳು ಶಂಕುಸ್ಥಾಪನೆ ನೆರವೇರಿಸಿ ಮಾತನಾಡುತ್ತಿದ್ದರು" ಅನ್ನುವಲ್ಲೇ ಇತ್ತು.

ಲಂಕೇಶ್ ಆ ಸನ್ಮಾನ್ಯವನ್ನು ಕಿತ್ತು ಹಾಕಿದರು. ಮುಖ್ಯಮಂತ್ರಿಯನ್ನು "ಗುಂ" ಅಂತ ಬರೆದರು. ಒಂದೇ ಅಕ್ಷರ, ಅದರ ಪಕ್ಕದಲ್ಲೊಂದು ಸೊನ್ನೆ. ಓದಿದ ತಕ್ಷಣ ನಗು ಬರುತ್ತದೆ ಅಲ್ವಾ? ಆ ನಗುವಿನ ಹಿಂದೆ ಏನಾಗುತ್ತದೆ ಅಂತ ಯೋಚನೆ ಮಾಡಿ. ತಾಲ್ಲೂಕು ಕಚೇರಿಯಲ್ಲಿ ಪಹಣಿಗಾಗಿ ಮೂರು ದಿನ ಅಲೆದು, ಗುಮಾಸ್ತರ ಮುಂದೆ ಕೈ ಕಟ್ಟಿ ನಿಂತು ಬಂದ ಒಬ್ಬ ಮನುಷ್ಯ, ಆ ಗುಮಾಸ್ತರ ಸಾಹೇಬರ ಸಾಹೇಬರ ಸಾಹೇಬರನ್ನು ಯಾರೋ ಅಚ್ಚಿನಲ್ಲಿ ಒಂದಕ್ಷರಕ್ಕೆ ಇಳಿಸಿದ್ದನ್ನು ಕಟಿಂಗ್ ಶಾಪಿನಲ್ಲಿ ಕೂತು ಕೇಳುತ್ತಾನೆ. ಅವನ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಕಣ್ಣಾರೆ ನೋಡಿದ್ದೇನೆ. ಅಧಿಕಾರದ ಭಯ ಅನ್ನುವುದು ಮೊದಲು ಕಳಚುವುದು ನಾಲಿಗೆಯಲ್ಲಿ.

1983ರಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಅದನ್ನು ಒಂದು ಪತ್ರಿಕೆ ಮಾಡಿತು ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ರೈತರು, ದಲಿತರು, ಭಾಷೆಗಾಗಿ ಬೀದಿಗಿಳಿದವರು, ಕಾಂಗ್ರೆಸ್ಸಿನ ಒಳಜಗಳ, ಎಲ್ಲ ಸೇರಿದ್ದವು. ಆದರೆ ಆ ಸಿಟ್ಟಿಗೆ ಮಾತು ಕೊಟ್ಟವರಲ್ಲಿ ಈ ಪತ್ರಿಕೆ ಮುಂದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದ ಮೇಲೂ ಅದು ಸುಮ್ಮನಾಗಲಿಲ್ಲ, ಹೊಸಬರನ್ನೂ ಹಿಡಿದು ಕೇಳಿತು. ಇದು ನನಗೆ ತುಂಬಾ ಮುಖ್ಯ. ಎದುರಾಳಿ ಗೆದ್ದಾಗ ಬೈಯುವುದು ಸುಲಭ. ತನ್ನವರು ಅಂದುಕೊಂಡವರು ಗೆದ್ದಾಗ ಬರೆಯುವುದಕ್ಕೆ ಬೇರೆ ಗಟ್ಟಿತನ ಬೇಕು.

ಇನ್ನು ಅಲ್ಲಿ ಬರೆದವರು. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿದ್ದ ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದಿದ್ದು ಇಲ್ಲಿ. ಒಬ್ಬ ಮುಸ್ಲಿಂ ಹೆಣ್ಣುಮಗಳ ಮನೆಯೊಳಗಿನ ಸಂಕಟ ರಾಜಕೀಯದ ಪುಟಗಳ ಪಕ್ಕದಲ್ಲೇ ಬರುತ್ತಿತ್ತು. ಕಟಿಂಗ್ ಶಾಪಿನವರು ಓದಿ ಮುಗಿಸಿದ ಮೇಲೆ ಆ ಪ್ರತಿ ನಮ್ಮ ಮನೆಗೆ ಬರುತ್ತಿತ್ತು. ನಮ್ಮಮ್ಮ ಬೇರೆ ಏನೂ ನೋಡದೆ ನೇರವಾಗಿ ಧಾರಾವಾಹಿಯ ಪುಟಕ್ಕೆ ಹೋಗುತ್ತಿದ್ದರು. ಒಲೆ ಮುಂದೆ ಕೂತು ಓದುತ್ತಾ ಒಂದು ಸಲ ಹಾಲು ಉಕ್ಕಿಸಿಬಿಟ್ಟಿದ್ದರು. ಹಾಸನದ ಬಾನು ಮುಷ್ತಾಕ್ ಇದೇ ಪತ್ರಿಕೆಯಲ್ಲಿ ವರ್ಷಗಟ್ಟಲೆ ವರದಿಗಾರ್ತಿಯಾಗಿ ಕೆಲಸ ಮಾಡಿದವರು. 2025ರಲ್ಲಿ ಅವರ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದಾಗ ಎಷ್ಟೋ ಜನ "ಇವರು ಎಲ್ಲಿದ್ದರು ಇಷ್ಟು ದಿನ" ಅಂತ ಕೇಳಿದರು. ಇಲ್ಲೇ ಇದ್ದರು. ಟ್ಯಾಬ್ಲಾಯ್ಡ್ ಅಂದ ಕೂಡಲೇ ಮೂಗು ಮುರಿಯುವವರಿಗೆ ನಾನು ಈ ಎರಡು ಹೆಸರು ಹೇಳುತ್ತೇನೆ. ಹೆಸರಾಂತ ಸಾಹಿತ್ಯ ಪತ್ರಿಕೆಗಳಿಗೆ ಕತೆ ಕಳಿಸಲು ಅಂಜುತ್ತಿದ್ದ ಎಷ್ಟೋ ಸಣ್ಣ ಊರಿನ ಹುಡುಗ ಹುಡುಗಿಯರು ಇಲ್ಲಿಗೆ ಧೈರ್ಯವಾಗಿ ಒಂದು ಕಾಗದ ಬರೆದು ಹಾಕುತ್ತಿದ್ದರು.

ಈಗ ಕಷ್ಟದ ಮಾತಿಗೆ ಬರೋಣ.

ಪತ್ರಿಕೆಯ ಹೆಸರೇ ಸಂಪಾದಕರ ಹೆಸರು. ಅಂದರೆ ಅದು ಒಬ್ಬರ ದನಿ. ಅವರ ತಿಳಿವಳಿಕೆ, ಓದು, ಕಾಳಜಿ, ಹಾಸ್ಯ ಎಲ್ಲ ಆ ಪುಟಗಳಲ್ಲಿ ಇತ್ತು. ಅವರ ಮುನಿಸೂ ಇತ್ತು. ಒಂದು ಕಾಲಕ್ಕೆ ಗೆಳೆಯರಾಗಿದ್ದ ಲೇಖಕರು ಆಮೇಲೆ ಆಗದವರಾದರೆ ಅದು ಮನೆಯ ಜಗುಲಿಯಲ್ಲಿ ಮುಗಿಯುತ್ತಿರಲಿಲ್ಲ, ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಯು.ಆರ್. ಅನಂತಮೂರ್ತಿಯವರ ಜೊತೆಗಿನ ಜಟಾಪಟಿ ಕನ್ನಡದ ಓದುಗರಿಗೆಲ್ಲ ಗೊತ್ತು. ಇಬ್ಬರು ದೊಡ್ಡ ಲೇಖಕರು ಜಗಳ ಆಡಿದರೆ ಇಬ್ಬರ ಕೈಯಲ್ಲೂ ಪೆನ್ನು ಇರುತ್ತದೆ, ಅದು ಹೇಗೋ ಸರಿದೂಗುತ್ತದೆ. ಪೆನ್ನು ಇಲ್ಲದವರ ಗತಿ ಏನು? ಮಂತ್ರಿಯನ್ನು ಒಂದಕ್ಷರಕ್ಕೆ ಇಳಿಸಿದಾಗ ಮಂತ್ರಿಯ ಕಾರು, ಬಂಗಲೆ, ಪೊಲೀಸು ಎಲ್ಲ ಹಾಗೇ ಇರುತ್ತವೆ. ಅದೇ ಶೈಲಿಯಲ್ಲಿ ಒಬ್ಬ ಸಣ್ಣ ನೌಕರನಿಗೆ, ಒಬ್ಬ ನಟಿಗೆ, ಒಬ್ಬ ಮಂತ್ರಿಯ ಹೆಂಡತಿಗೆ ಅಡ್ಡಹೆಸರು ಇಟ್ಟರೆ? ಮೈಬಣ್ಣ, ದಪ್ಪ, ಸಣ್ಣ, ನಡೆಯುವ ರೀತಿ, ಮನೆಯೊಳಗಿನ ವಿಷಯ, ಇವೆಲ್ಲ ಟ್ಯಾಬ್ಲಾಯ್ಡ್ ಬರವಣಿಗೆಗೆ ಮಸಾಲೆಯಾಗಿ ಬಂದವು. ಲಂಕೇಶ್ ಅವರಲ್ಲಿ ಅದನ್ನು ಹಿಡಿದು ನಿಲ್ಲಿಸುವ ಒಂದು ಸಾಹಿತ್ಯದ ಪ್ರಜ್ಞೆ ಇತ್ತು, ಎಷ್ಟೋ ಸಲ. ಎಲ್ಲ ಸಲವೂ ಅಲ್ಲ. ಅವರ ಹಿಂದೆ ಬಂದವರಲ್ಲಿ ಎಷ್ಟೋ ಜನ ಶೈಲಿಯನ್ನು ಎತ್ತಿಕೊಂಡರು. ಓದು, ಅಲೆದಾಟ, ಕಾಗದಪತ್ರ ತೆಗೆದು ನೋಡುವ ಶ್ರಮ ಇವನ್ನು ಅಲ್ಲೇ ಬಿಟ್ಟರು.

ನಾನೂ ಹಾಗೆ ಬಿಟ್ಟವರಲ್ಲಿ ಒಬ್ಬ. ಅದನ್ನು ಹೇಳದೆ ಈ ಮಾತು ಮುಗಿಸಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ.

1990ರ ದಶಕದ ನಡುವೆ ನಾನು ಒಂದು ಜಿಲ್ಲಾ ಮಟ್ಟದ ಟ್ಯಾಬ್ಲಾಯ್ಡಿಗೆ ನಮ್ಮ ತಾಲ್ಲೂಕಿನಿಂದ ಬರೆಯುತ್ತಿದ್ದೆ. ಹೆಸರು ಬೇಡ, ಈಗ ಅದು ಇಲ್ಲ. ಒಂದು ದಿನ ಪತ್ರಿಕೆಗೆ ಮೂಗರ್ಜಿ ಬಂತು. ನಿಮಗೆ ಈ ಪದ ಗೊತ್ತಿರಲಿ, ಸಹಿ ಇಲ್ಲದ ದೂರಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಇನ್‌ಲ್ಯಾಂಡ್ ಲೆಟರಿನಲ್ಲಿ ನೀಲಿ ಇಂಕಿನ ಅಕ್ಷರ. ಸರ್ಕಾರಿ ಹಾಸ್ಟೆಲಿನ ವಾರ್ಡನ್ ರಾತ್ರಿ ಹೊತ್ತು ಅಕ್ಕಿ ಮೂಟೆ ಸಾಗಿಸುತ್ತಾರೆ ಅಂತ ಬರೆದಿತ್ತು. ನಾನು ಹಾಸ್ಟೆಲ್ ಪಕ್ಕದ ಟೀ ಅಂಗಡಿಯಲ್ಲಿ ಕೇಳಿದೆ. ಹೌದು, ಹೋದ ವಾರ ರಾತ್ರಿ ಒಂಬತ್ತು ಗಂಟೆಗೆ ಲಗೇಜ್ ಆಟೋದಲ್ಲಿ ಎಂಟು ಮೂಟೆ ಹೋಯಿತು ಅಂತ ಅಂಗಡಿಯವರು ಹೇಳಿದರು. ನನಗೆ ಅಷ್ಟೇ ಸಾಕಾಯಿತು. ಕಣ್ಣಿಗೆ ಕಂಡ ಸಾಕ್ಷಿ ಸಿಕ್ಕಿತಲ್ಲ! ಅವತ್ತು ರಾತ್ರಿಯೇ ಬರೆದು ಬಸ್ಸಿನ ಡ್ರೈವರ್ ಕೈಯಲ್ಲಿ ಕವರ್ ಕಳಿಸಿದೆ. "ಬಡ ಮಕ್ಕಳ ಅಕ್ಕಿ ನುಂಗಿದ ವಾರ್ಡನ್" ಅಂತ ಹೆಡ್ಡಿಂಗ್ ಕೊಟ್ಟಿದ್ದು ಸಂಪಾದಕರು. ಒಳಗಡೆ "ಅಕ್ಕಿ ವಾರ್ಡನ್" ಅಂತ ಅಡ್ಡಹೆಸರು ಇಟ್ಟಿದ್ದು ನಾನು. ನಾನು ಚಿಕ್ಕಂದಿನಿಂದ ಓದಿದ ಶೈಲಿ ನನ್ನ ಕೈಗೂ ಬಂತು ಅಂತ ಆ ಪದ ಬರೆದಾಗ ತುಂಬಾ ಸಂತೋಷವಾಗಿತ್ತು.

ಪತ್ರಿಕೆ ಬಂದ ದಿನ ಅದೇ ಬಸ್ ಸ್ಟ್ಯಾಂಡಿನಲ್ಲಿ ಪ್ರತಿಗಳು ಖಾಲಿಯಾದವು. ಜೆರಾಕ್ಸ್ ಮಾಡಿಸಿ ಹಂಚಿದರು. ಮೂರನೇ ದಿನಕ್ಕೆ ಹುಡುಗರು ವಾರ್ಡನ್ ಸೈಕಲ್ ಹಿಂದೆ "ಅಕ್ಕಿ, ಅಕ್ಕಿ" ಅಂತ ಕೂಗುವುದನ್ನು ನಾನೇ ಕೇಳಿದೆ. ಅವರನ್ನು ಸಸ್ಪೆಂಡ್ ಮಾಡಿದರು. ಅವರ ದೊಡ್ಡ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಅವರು ಬಸ್ ಸ್ಟ್ಯಾಂಡಿನ ಮುಂದೆ ಹಾದು ಹೋಗುವುದನ್ನು ಬಿಟ್ಟು ಕೆರೆ ಏರಿ ಮೇಲಿಂದ ಸುತ್ತಿಕೊಂಡು ಹೋಗತೊಡಗಿದರು.

ಏಳು ತಿಂಗಳಾದ ಮೇಲೆ ಇಲಾಖೆಯ ವಿಚಾರಣೆ ಮುಗಿಯಿತು. ಪಕ್ಕದ ತಾಲ್ಲೂಕಿನ ಹಾಸ್ಟೆಲಿನಲ್ಲಿ ದಾಸ್ತಾನು ಮುಗಿದಿತ್ತು. ಮಕ್ಕಳಿಗೆ ಮರುದಿನ ಬೆಳಿಗ್ಗೆ ಅಡುಗೆಗೆ ಅಕ್ಕಿ ಇರಲಿಲ್ಲ. ಮೇಲಿನ ಅಧಿಕಾರಿ ಬರೆದ ಚೀಟಿಯ ಮೇಲೆ ಈ ವಾರ್ಡನ್ ಎಂಟು ಮೂಟೆ ಕಳಿಸಿಕೊಟ್ಟಿದ್ದರು. ಸ್ಟಾಕ್ ರಿಜಿಸ್ಟರಿನಲ್ಲಿ ಅದೇ ತಾರೀಖಿನಲ್ಲಿ ಅದನ್ನು ಬರೆದಿದ್ದರು, ಆಟೋ ಬಾಡಿಗೆಯ ರಸೀದಿಯನ್ನೂ ಅಂಟಿಸಿದ್ದರು. ಆ ರಿಜಿಸ್ಟರ್ ಇದ್ದದ್ದು ಹಾಸ್ಟೆಲಿನ ಮುಂದಿನ ಕೋಣೆಯಲ್ಲಿ, ಮೇಜಿನ ಮೇಲೆ. ನಾನು ಟೀ ಕುಡಿದ ಜಾಗದಿಂದ ಆ ಮೇಜಿಗೆ ಐವತ್ತು ಹೆಜ್ಜೆ ಇರಬಹುದು.

ನಾನು ಸಂಪಾದಕರ ಹತ್ತಿರ ಹೋಗಿ ತಪ್ಪಾಯಿತು ಅಂತ ಹಾಕೋಣ ಸಾರ್ ಅಂದೆ. ಅವರು ಕೆಟ್ಟ ಮನುಷ್ಯರಲ್ಲ. ರೋಲ್‌ಕಾಲ್ (ಸುದ್ದಿ ತೋರಿಸಿ ಹೆದರಿಸಿ ದುಡ್ಡು ಕೀಳುವುದು) ಮಾಡುವವರಲ್ಲ, ಯಾರ ಹತ್ತಿರವೂ ಒಂದು ರೂಪಾಯಿ ಮುಟ್ಟಿದವರಲ್ಲ. ಆದರೆ ಅವರು ಹೇಳಿದ್ದು ಇಷ್ಟು. "ನಾವೇ ತಪ್ಪು ಅಂತ ಹಾಕ್ಕೊಂಡ್ರೆ ಮುಂದಿನ ವಾರ ನಮ್ಮನ್ನ ಯಾರು ನಂಬ್ತಾರೆ?" ನಾನು ಎದುರು ಮಾತಾಡಲಿಲ್ಲ. ಎದ್ದು ಬಂದೆ. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ನಾನೂ ವಾರ್ಡನ್ ಮನೆಗೆ ಹೋಗಲಿಲ್ಲ.

ಇದನ್ನು ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ಟ್ಯಾಬ್ಲಾಯ್ಡಿನ ಕೆಡುಕು ಅಂದ ಕೂಡಲೇ ಎಲ್ಲರೂ ರೋಲ್‌ಕಾಲ್ ಪತ್ರಕರ್ತರ ಬಗ್ಗೆ ಮಾತಾಡುತ್ತಾರೆ. ಕಂಟ್ರಾಕ್ಟರ್ ಹತ್ತಿರ ಹೋಗಿ "ನಿಮ್ಮ ಸುದ್ದಿ ಇದೆ, ಏನ್ ಮಾಡೋಣ" ಅನ್ನುವವರು, ಡಿಟಿಪಿ ಮಾಡಿಸಿದ ಪುಟ ತೋರಿಸಿ ದುಡ್ಡು ಈಸಿಕೊಂಡು ಆಮೇಲೆ ಅಚ್ಚೇ ಮಾಡದವರು. ಅವರು ಇದ್ದರು, ಇದ್ದಾರೆ. ಅವರು ಸುಲಿಗೆ ಮಾಡುವವರು, ಅವರಿಗೆ ಪೊಲೀಸ್ ಠಾಣೆ ಇದೆ. ನನಗೆ ಜಾಸ್ತಿ ಚಿಂತೆ ಇರುವುದು ಒಳ್ಳೆಯ ಉದ್ದೇಶ ಇಟ್ಟುಕೊಂಡೇ ಒಬ್ಬರ ಬದುಕನ್ನು ಮುರಿಯುವವರ ಬಗ್ಗೆ. ನಾನು ಬಡ ಮಕ್ಕಳ ಪರವಾಗಿ ಬರೆಯುತ್ತಿದ್ದೇನೆ ಅಂತ ಮನಸಾರೆ ನಂಬಿದ್ದೆ. ಆ ನಂಬಿಕೆಯೇ ನನ್ನನ್ನು ಐವತ್ತು ಹೆಜ್ಜೆ ನಡೆಯದ ಹಾಗೆ ಮಾಡಿತು.

1995ರಲ್ಲಿ ರವಿ ಬೆಳಗೆರೆಯವರ ಹಾಯ್ ಬೆಂಗಳೂರ್ ಬಂತು. ಅಪರಾಧ ಜಗತ್ತಿನ ಸುದ್ದಿಯನ್ನು ಅವರು ಕತೆಯ ಹಾಗೆ, ಎದುರಿಗೆ ಕೂತು ಹೇಳುವ ಹಾಗೆ ಬರೆದರು. ಕಾಲೇಜಿನ ಹುಡುಗರು ಕನ್ನಡ ಓದುವುದನ್ನು ಬಿಟ್ಟೇಬಿಟ್ಟರು ಅಂತ ಎಲ್ಲರೂ ಅಳುತ್ತಿದ್ದ ಕಾಲದಲ್ಲಿ ಆ ಹುಡುಗರು ಸಾಲಲ್ಲಿ ನಿಂತು ಕನ್ನಡ ಪತ್ರಿಕೆ ಕೊಂಡರು. ಅದು ಸಣ್ಣ ಸಾಧನೆ ಅಲ್ಲ. ಆದರೆ ರೌಡಿಯ ಬದುಕಿಗೆ ಅಷ್ಟು ಬಣ್ಣ ಬಂದರೆ ರೌಡಿಯಿಂದ ಏಟು ತಿಂದವರು ಕತೆಯಲ್ಲಿ ಎಲ್ಲಿರುತ್ತಾರೆ? ನನಗೆ ಅದು ಯಾವಾಗಲೂ ಕಾಡಿದ ಪ್ರಶ್ನೆ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ, ಶಾಸಕರ ವಿರುದ್ಧ ಮಾನಹಾನಿಯಾಗುವಂತೆ ಬರೆದರು ಅಂತ, ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರು ಅನ್ನುವ, ಹೆಸರಿನಲ್ಲಿ ಬೆಳಗೆರೆಯವರಿಗೂ ಇನ್ನೊಂದು ಪತ್ರಿಕೆಯ ಸಂಪಾದಕರಿಗೂ 1 ವರ್ಷ ಜೈಲು, 10,000 ರೂಪಾಯಿ ದಂಡ ಅಂತ ತೀರ್ಮಾನ ಮಾಡಿತು. ಬರೆದಿದ್ದು ಸರಿಯೋ ತಪ್ಪೋ ಅದು ಬೇರೆ. ಆದರೆ ದೂರು ಕೊಟ್ಟವರೇ ನ್ಯಾಯಾಧೀಶರಾಗಿ ಕೂತು ಜೈಲಿಗೆ ಹಾಕುತ್ತೇನೆ ಅಂದರೆ ಅದನ್ನು ಒಪ್ಪಲು ಆಗುವುದಿಲ್ಲ. ಶಾಸಕರಿಗೂ ಉಳಿದವರ ಹಾಗೆ ಕೋರ್ಟ್ ಇತ್ತು.

ಕೋರ್ಟಿನ ವಿಷಯಕ್ಕೂ ಬರುತ್ತೇನೆ. ನಮ್ಮಲ್ಲಿ ಮಾನಹಾನಿ ಕ್ರಿಮಿನಲ್ ಅಪರಾಧ. ಹಿಂದೆ ಐಪಿಸಿ 499, 500 ಅಂತಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. 2 ವರ್ಷದವರೆಗೆ ಶಿಕ್ಷೆ ಆಗಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನು ಸರಿ ಅಂತ ಎತ್ತಿಹಿಡಿಯಿತು. ಬರೆದಿದ್ದು ನಿಜ, ಸಾರ್ವಜನಿಕರ ಹಿತಕ್ಕೆ ಬೇಕಾಗಿತ್ತು ಅಂತ ತೋರಿಸಿದರೆ ರಕ್ಷಣೆ ಇದೆ. ಆದರೆ ಅದನ್ನು ತೋರಿಸಲು ವರ್ಷಗಟ್ಟಲೆ ಬೇರೆ ಬೇರೆ ಊರಿನ ಕೋರ್ಟುಗಳಿಗೆ ಅಲೆಯಬೇಕು. 2000ದ ಜನವರಿಯಲ್ಲಿ ಲಂಕೇಶ್ ತೀರಿಕೊಂಡ ಮೇಲೆ ಮಗಳು ಗೌರಿ ಪತ್ರಿಕೆಯ ಹೊಣೆ ಹೊತ್ತರು. 2005ರಲ್ಲಿ ತಮ್ಮದೇ ವಾರಪತ್ರಿಕೆ ಶುರು ಮಾಡಿದರು. ಅದೂ ಜಾಹೀರಾತು ಇಲ್ಲದೆಯೇ. 2008ರಲ್ಲಿ ಬಿಜೆಪಿ ಮುಖಂಡರ ಬಗ್ಗೆ ಬಂದ ಒಂದು ವರದಿಗಾಗಿ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಕೋರ್ಟ್ ಅವರಿಗೆ 6 ತಿಂಗಳ ಶಿಕ್ಷೆ ವಿಧಿಸಿತು, ಜಾಮೀನು ಸಿಕ್ಕಿತು. ಮುಂದಿನ ವರ್ಷ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಸಣ್ಣ ಪ್ರಸಾರದ ಒಂದು ವಾರಪತ್ರಿಕೆಯ ಮಾತಿಗೆ ಯಾರಿಗೋ ಅಷ್ಟು ಭಯ ಇತ್ತು. ಆ ಸುದ್ದಿ ಬಂದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಈಗಲೂ ಅದರ ಬಗ್ಗೆ ಸಮಾಧಾನದಿಂದ ಮಾತಾಡಲು ನನಗೆ ಬರುವುದಿಲ್ಲ.

ಈಗ ಆ ವಾರ್ಡನ್ ಕಡೆ ನೋಡಿ. ಮಾನಹಾನಿಯ ಕಾನೂನು ಅವರಿಗೂ ಇತ್ತಲ್ಲವೇ? ಪತ್ರಿಕೆಗಳ ಮೇಲಿನ ದೂರು ಕೇಳುವ ಪ್ರೆಸ್ ಕೌನ್ಸಿಲ್ ಇತ್ತಲ್ಲವೇ? ಇತ್ತು. ಪ್ರೆಸ್ ಕೌನ್ಸಿಲ್ಲಿಗೆ ಹೋಗಬೇಕಾದರೆ ಮೊದಲು ಸಂಪಾದಕರಿಗೆ ಬರೆಯಬೇಕು, ವಾರಪತ್ರಿಕೆಯ ಮೇಲಾದರೆ ಅಚ್ಚಾದ 2 ತಿಂಗಳೊಳಗೆ ದೂರು ಕೊಡಬೇಕು. ಗೆದ್ದರೂ ಕೌನ್ಸಿಲ್ ಪತ್ರಿಕೆಗೆ ಛೀಮಾರಿ ಹಾಕಬಹುದು ಅಷ್ಟೇ, ದಂಡ ಹಾಕುವ ಅಧಿಕಾರ ಇಲ್ಲ. ಸಸ್ಪೆಂಡ್ ಆಗಿ ಅರ್ಧ ಸಂಬಳದಲ್ಲಿದ್ದ ಮನುಷ್ಯನಿಗೆ ವಿಚಾರಣೆ ಮುಗಿಯಲೇ ಏಳು ತಿಂಗಳು ಬೇಕಾಯಿತು. ಅವರಿಗೆ ಲಾಯರ್ ಇಡಲು ದುಡ್ಡಿರಲಿಲ್ಲ. ದುಡ್ಡಿದ್ದ ಮಂತ್ರಿಗಳಿಗೆ, ಶಾಸಕರಿಗೆ ಈ ಕಾನೂನು ದೊಣ್ಣೆಯಾಯಿತು. ಬೇಕಾಗಿದ್ದ ವಾರ್ಡನ್‌ಗೆ ಊರುಗೋಲೂ ಆಗಲಿಲ್ಲ. ಪತ್ರಿಕೆಯ ವಿರುದ್ಧ ಕಾನೂನು ಬಿಗಿ ಮಾಡಬೇಕು ಅಂತ ಯಾರಾದರೂ ಭಾಷಣ ಮಾಡಿದಾಗ ನಾನು ಇದನ್ನೇ ಕೇಳುತ್ತೇನೆ, ಅದು ಯಾರ ಕೈಗೆ ಸಿಗುತ್ತದೆ?

ವಾರ್ಡನ್‌ಗೆ ಬೇಕಾಗಿದ್ದದ್ದು ತುಂಬಾ ಸಣ್ಣದು. ಪತ್ರಿಕೆ ಅಚ್ಚಾಗುವ ಮೊದಲು ಯಾರಾದರೂ ಒಬ್ಬರು ಬಂದು ಕೇಳುವುದು. ಅಚ್ಚಾದ ಮೇಲೆ ತಪ್ಪು ಅಂತ ಗೊತ್ತಾದರೆ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹೇಳುವುದು. ಒಳಗಿನ ಪುಟದ ಕೆಳಗೆ, ಜ್ಯೋತಿಷ್ಯದ ಪಕ್ಕ, ಎರಡು ಸಾಲಿನಲ್ಲಿ ಅಲ್ಲ. ನಮ್ಮ ಟ್ಯಾಬ್ಲಾಯ್ಡುಗಳು ಇಷ್ಟೆಲ್ಲ ಧೈರ್ಯ ಮಾಡಿದವು. ಮುಖ್ಯಮಂತ್ರಿಯ ವಿರುದ್ಧ ಬರೆಯುವ ಧೈರ್ಯ, ಮಠಗಳ ವಿರುದ್ಧ ಬರೆಯುವ ಧೈರ್ಯ. "ಹೋದ ವಾರ ನಾವು ಬರೆದಿದ್ದು ಸುಳ್ಳು" ಅಂತ ಮುಖಪುಟದಲ್ಲಿ ಹಾಕಿದ ಒಂದು ಸಂಚಿಕೆಯನ್ನೂ ನಾನು ನೋಡಿಲ್ಲ.

ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು. "ಸಾರ್, ಇವತ್ತು ಅಂಥ ಪತ್ರಿಕೆ ಬೇಕಾ? ಎಲ್ಲರೂ ಮೊಬೈಲಲ್ಲಿ ಎಲ್ಲರಿಗೂ ಬೈತಾನೇ ಇದ್ದಾರಲ್ಲ?" ಒಳ್ಳೆಯ ಪ್ರಶ್ನೆ. ನಾನು "ಬೇಕು" ಅಂದು, ಹೊತ್ತಾಗಿತ್ತು ಅಂತ ಕೂತುಬಿಟ್ಟೆ. ಬೇಕು ಅನ್ನುವ ಮಾತಿಗೆ ಈಗಲೂ ಬದ್ಧ. ಮೊಬೈಲಲ್ಲಿ ಬೈಯುವವರು ಜಾಸ್ತಿಯಾದರು ನಿಜ, ನರಗುಂದದ ರೈತರ ಊರಿಗೆ ಬಸ್ ಹತ್ತಿ ಹೋಗಿ ನಾಲ್ಕು ದಿನ ಇದ್ದು ಬರೆಯುವವರು ಜಾಸ್ತಿಯಾಗಲಿಲ್ಲ. ಅಂಥವರಿಗೆ ಸಂಬಳ ಕೊಡುವ, ಯಾರ ಜಾಹೀರಾತಿನ ಹಂಗೂ ಇಲ್ಲದ ಒಂದು ಪತ್ರಿಕೆ ಕನ್ನಡಕ್ಕೆ ಇವತ್ತೂ ಬೇಕು. ಆದರೆ ಎಂಥ ಪತ್ರಿಕೆ ಬೇಕು ಅಂತ ಹೇಳಲು ನನಗೆ ಅವತ್ತು ಮನಸ್ಸು ಗಟ್ಟಿಯಾಗಿರಲಿಲ್ಲ. ಯಾಕೆಂದರೆ ಅದನ್ನು ಹೇಳಬೇಕಾದರೆ ಇದನ್ನು ಹೇಳಬೇಕು.

ಎರಡು ವರ್ಷದ ಹಿಂದೆ ಊರಿನಲ್ಲಿ ಒಂದು ಮದುವೆ ಊಟದಲ್ಲಿ ಆ ವಾರ್ಡನ್ ಸಿಕ್ಕಿದರು. ರಿಟೈರ್ ಆಗಿ ಎಷ್ಟೋ ವರ್ಷ ಆಗಿದೆ, ಮಗಳ ಮನೆಯಲ್ಲಿದ್ದಾರೆ. ಹೌದು, ಆ ಮಗಳಿಗೆ ಆಮೇಲೆ ಮದುವೆಯಾಯಿತು. ಬರೆದವನು ನಾನೇ ಅಂತ ಅವರಿಗೆ ಮೊದಲಿಂದಲೂ ಗೊತ್ತು. ಕೈ ತೊಳೆಯುವ ಜಾಗದಲ್ಲಿ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಕೇಳಿದರು. "ಆ ಪೇಪರ್ ಇದ್ಯೇನಪ್ಪ ನಿನ್ನ ಹತ್ರ? ನಾನು ಅದನ್ನ ಪೂರ್ತಿ ಓದೇ ಇಲ್ಲ. ಅವತ್ತು ಹೆಡ್ಡಿಂಗ್ ನೋಡಿ ಮಡಚಿಟ್ಟವನು, ಆಮೇಲೆ ಎಲ್ಲೋ ಹೋಯ್ತು."

ಇತ್ತು. ಮುಂದಿನ ಸಲ ಹೋದಾಗ ತೆಗೆದುಕೊಂಡು ಹೋದೆ. ಮಡಿಕೆಯ ಜಾಗದಲ್ಲಿ ಹರಿದು ಹಳದಿಯಾಗಿತ್ತು. ಅವರಿಗೆ ಆಗಷ್ಟೇ ಪೊರೆ ಆಪರೇಷನ್ ಆಗಿತ್ತು, ನೀನೇ ಓದು ಅಂದರು. ಮಗಳು ಒಳಗಿಂದ ಕಾಫಿ ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತರು. ನಾನು ಓದತೊಡಗಿದೆ. "ಹಾಸ್ಟೆಲಿನ ಅಕ್ಕಿಯನ್ನು ರಾತ್ರೋರಾತ್ರಿ ಸಾಗಿಸಲಾಗುತ್ತಿದೆ ಎಂದು ಬಲ್ಲ ಮೂಲಗಳು ತಿಳಿಸಿವೆ" ಅನ್ನುವ ಸಾಲು ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಯಾರಪ್ಪ ಅವರು? ಬಲ್ಲ ಮೂಲ?"

"ಗೊತ್ತಿಲ್ಲ ಸಾರ್. ಮೂಗರ್ಜಿ ಬಂದಿತ್ತು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮನೆ ನಿಮ್ಮನೆಯಿಂದ ಮೂರನೇ ಬೀದಿ ಆಗ" ಅಂದರು. ಆಮೇಲೆ, "ಓದು, ಮುಂದೆ ಏನಿದೆ ಓದು."

ಕೊನೆಯ ಸಾಲಿನವರೆಗೂ ಓದಿದೆ.